ಪ್ಲೇಟ್ ತರುವ ಮೊದಲು ಅಳತೆ ತೆಗೆಯಿರಿ: ಎಂಜಿನ್ ಬದಲಿಸಿದ ಜೀಪಿನಲ್ಲಿ ಕ್ಲಚ್ ಸ್ಲಿಪ್

ಮಲೆನಾಡಿನಲ್ಲಿ ಹಳೇ ಜೀಪು ಸುಲಭಕ್ಕೆ ಗುಜರಿಗೆ ಹೋಗುವುದಿಲ್ಲ. ಪೆಟ್ರೋಲ್ ಎಂಜಿನ್ ಸೋತರೆ ಡೀಸೆಲ್ ಎಂಜಿನ್ ಕೂರಿಸುತ್ತಾರೆ. ಹಳೇ ಡೀಸೆಲ್ ಸೋತರೆ ಟರ್ಬೊ ಇರುವ ಎಂಜಿನ್ ಹುಡುಕುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟಕ್ಕೆ ಗೊಬ್ಬರ ಹೊರುವ, ಅಡಿಕೆ ಮೂಟೆ ಸಾಗಿಸುವ ಎಷ್ಟೋ ಜೀಪುಗಳ ಬಾನೆಟ್ ಎತ್ತಿದರೆ ಒಳಗೆ ಇರುವುದು ಬೇರೆ ಗಾಡಿಯ ಎಂಜಿನ್.

ಹೀಗೆ ಎಂಜಿನ್ ಬದಲಿಸಿದ ಮೇಲೆ ಬೇಗ ಬರುವ ದೂರು ಒಂದಿದೆ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಕ್ಲಚ್ ಸ್ಲಿಪ್ ಆಗುತ್ತಿದೆ, ಅಂದರೆ ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಜಾರುತ್ತಿದೆ. ತಕ್ಷಣ ಗೇರ್ ಬಾಕ್ಸ್ ಇಳಿಸಿ ಹೊಸ ಕ್ಲಚ್ ಪ್ಲೇಟ್ ಹಾಕಿಸುತ್ತಾರೆ. ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಮತ್ತೆ ಅದೇ ಕಥೆ. ದುಡ್ಡು ಹೋಯಿತು, ಕೊಯ್ಲಿನ ಹೊತ್ತಿನಲ್ಲಿ ಗಾಡಿಯೂ ನಿಂತಿತು.

ನನ್ನ ಮಾತು ಇಷ್ಟೇ. ಕಂಪನಿ ಎಂಜಿನ್ ಇರುವ ಗಾಡಿಯಲ್ಲಿ ಕ್ಲಚ್ ಸ್ಲಿಪ್ ಆದರೆ ಮೊದಲ ಅನುಮಾನ ಪ್ಲೇಟಿನ ಮೇಲೆ ಹೋಗುವುದು ಸರಿ. ಎಂಜಿನ್ ಬದಲಿಸಿದ ಗಾಡಿಯಲ್ಲಿ ಅನುಮಾನ ಮೊದಲು ಹೋಗಬೇಕಾದದ್ದು ಅಳತೆಯ ಮೇಲೆ. ಎಂಜಿನ್ ಒಂದು ಗಾಡಿಯದು, ಗೇರ್ ಬಾಕ್ಸ್ ಇನ್ನೊಂದರದು, ಕ್ಲಚ್ ಪ್ಲೇಟನ್ನು ಸ್ಪ್ರಿಂಗಿನ ಬಲದಲ್ಲಿ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಅಂಗಡಿಯವರು ‘ಇದು ಕೂರುತ್ತೆ’ ಎಂದು ಕೊಟ್ಟದ್ದು. ಮೂರೂ ಒಂದಕ್ಕೊಂದು ಹೊಂದಿವೆಯೇ ಎಂದು ಯಾರೂ ನೋಡಿರುವುದಿಲ್ಲ. ಅದನ್ನು ನೋಡುವುದು ಹೇಗೆ ಎಂಬುದೇ ಈ ಬರಹದ ಮುಖ್ಯ ವಿಷಯ.

ನಿಜಕ್ಕೂ ಕ್ಲಚ್ಚೇನಾ?

ಪಿಕಪ್ ಇಲ್ಲದ್ದೆಲ್ಲ ಕ್ಲಚ್ ಸ್ಲಿಪ್ ಅಲ್ಲ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ, ಬ್ರೇಕ್ ಬಿಗಿ ಹಿಡಿದರೆ, ಟರ್ಬೊ ಪೈಪು ಬಿರಿದರೂ ಗಾಡಿ ಏರು ಹತ್ತುವುದಿಲ್ಲ. ಆದರೆ ಆಗ ಎಂಜಿನ್ನಿನ ಸದ್ದೂ ಕುಗ್ಗುತ್ತದೆ. ಕ್ಲಚ್ ಸ್ಲಿಪ್ಪಿನಲ್ಲಿ ಹಾಗಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸಲೀಸಾಗಿ ಸುತ್ತು ಏರಿಸಿಕೊಳ್ಳುತ್ತದೆ, ಸ್ಪೀಡ್ ಮಾತ್ರ ಅಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಗೇರ್ ಹಾಕುವಾಗ ಕರ್ರ್ ಎನ್ನುತ್ತದೆ ಎಂಬುದು ಬೇರೆಯೇ ದೂರು. ಅದು ಕ್ಲಚ್ ಬಿಡದಿರುವುದು. ಸ್ಲಿಪ್ ಎಂದರೆ ಕ್ಲಚ್ ಹಿಡಿಯದಿರುವುದು. ಇವೆರಡನ್ನೂ ಬೆರೆಸಬೇಡಿ, ಔಷಧಿ ಬೇರೆ ಬೇರೆ.

ಪರೀಕ್ಷೆಗೆ ಆಗುಂಬೆ ಘಾಟಿಯೋ ಹುಲಿಕಲ್ ಘಾಟಿಯೋ ಬೇಡ. ತಿರುವಿನಲ್ಲಿ ಗಾಡಿ ಕೈಕೊಟ್ಟರೆ ಹಿಂದೆ ಬರುವವರಿಗೂ ಅಪಾಯ. ಊರ ಹತ್ತಿರದ ಖಾಲಿ ರಸ್ತೆಯಲ್ಲಿ ಸಣ್ಣ ಏರು ಇದ್ದರೆ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಸದ್ದು ಮತ್ತು ಸ್ಪೀಡು ಒಟ್ಟಿಗೆ ನಿಧಾನಕ್ಕೆ ಏರಿದರೆ ಕ್ಲಚ್ ಸರಿಯಿದೆ. ಸದ್ದು ಥಟ್ಟನೆ ಮೇಲೆ ಹೋಗಿ ಸ್ಪೀಡ್ ಹಿಂದೆ ಉಳಿದರೆ ಸ್ಲಿಪ್. ಮೇಲಿನ ಗೇರಿನಲ್ಲೇ ನೋಡಬೇಕು, ಯಾಕೆಂದರೆ ಕ್ಲಚ್ಚಿನ ಮೇಲೆ ಭಾರ ಜಾಸ್ತಿ ಬೀಳುವುದು ಅಲ್ಲೇ. ಫೋರ್ ವೀಲ್ ಲೋ ಹಾಕಿ ‘ಆರಾಮಾಗಿ ಹತ್ತುತ್ತೆ’ ಎಂದರೆ ಏನೂ ಗೊತ್ತಾಗುವುದಿಲ್ಲ. ಲೋ ಗೇರ್ ಸ್ಲಿಪ್ಪನ್ನು ಮುಚ್ಚಿಡುತ್ತದೆ.

ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರ್ ಹಾಕಿ ಕ್ಲಚ್ ಬಿಡುವ ಪರೀಕ್ಷೆಯೂ ಇದೆ. ಎಂಜಿನ್ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ ಎಂದರ್ಥ. ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ, ಚಕ್ರದಲ್ಲಿ ಅಲ್ಲ. ಅದರ ಮೇಲೆ ಭಾರ ಹಾಕಬೇಡಿ. ಕಾಲಿನ ಬ್ರೇಕನ್ನೇ ಗಟ್ಟಿಯಾಗಿ ಒತ್ತಿ, ಚಕ್ರಕ್ಕೆ ಅಡೆ ಕೊಟ್ಟು, ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು ಒಂದೇ ಸಲ ಮಾಡಿ. ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.

ಗೇರ್ ಬಾಕ್ಸ್ ಇಳಿಸುವ ಮುಂಚೆ ನೋಡುವುದು

ಇಲ್ಲಿ ಆತುರ ಬೇಡ. ಗಾಡಿ ಕೆಳಗೆ ಅರ್ಧ ದಿನ ಕಳೆದರೂ ಪರವಾಗಿಲ್ಲ. ಎಷ್ಟೋ ಸಲ ಗೇರ್ ಬಾಕ್ಸ್ ಇಳಿಸುವ ಕೆಲಸವೇ ತಪ್ಪುತ್ತದೆ.

ಮೊದಲು ಪೆಡಲ್. ಎಂಜಿನ್ ಆಫ್ ಮಾಡಿ, ಕ್ಲಚ್ ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಶುರುವಿನಲ್ಲಿ ಸಡಿಲವಾಗಿ ಹೋಗಿ, ಆಮೇಲೆ ಗಟ್ಟಿ ಸಿಗಬೇಕು. ಆ ಸಡಿಲಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ಪೆಡಲಿನಿಂದ ಕ್ಲಚ್ಚಿಗೆ ರಾಡ್ ಅಥವಾ ಕೇಬಲ್ ಇರುವ ಜೀಪಿನಲ್ಲಿ ಇದು ಸುಮಾರು 20ರಿಂದ 25 ಮಿ.ಮೀ. ಇರಬೇಕು, ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಮುಟ್ಟಿದ ಕೂಡಲೇ ಗಟ್ಟಿ ಸಿಕ್ಕರೆ, ಪೆಡಲ್ ಒತ್ತಿದಾಗ ಮಾತ್ರ ಕ್ಲಚ್ ಬಿಡಿಸಬೇಕಾದ ರಿಲೀಸ್ ಬೇರಿಂಗ್ ಸದಾ ಪ್ರೆಶರ್ ಪ್ಲೇಟನ್ನು ಒತ್ತುತ್ತಲೇ ಇದೆ. ನೀವು ಪೆಡಲ್ ಮೇಲೆ ಅರ್ಧ ಕಾಲಿಟ್ಟು ಓಡಿಸಿದ ಹಾಗೆಯೇ ಲೆಕ್ಕ. ಅಡ್ಜಸ್ಟ್ ಮಾಡುವ ನಟ್ಟು ತಿರುಗಿಸಿ ಸಡಿಲ ಕೊಟ್ಟು ಮತ್ತೆ ಓಡಿಸಿ ನೋಡಿ. ಅಷ್ಟರಲ್ಲೇ ಸರಿಹೋದರೆ, ಪ್ಲೇಟ್ ಇನ್ನೂ ಸುಟ್ಟಿಲ್ಲದಿದ್ದರೆ, ಗೇರ್ ಬಾಕ್ಸ್ ಇಳಿಸುವ ಖರ್ಚು ಉಳಿಯಿತು.

ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಇನ್ನೊಂದು ಮೋಸವಿದೆ. ತಣ್ಣಗಿದ್ದಾಗ ಎಲ್ಲ ಸರಿ, ಹತ್ತಿಪ್ಪತ್ತು ಕಿ.ಮೀ. ಓಡಿದ ಮೇಲೆ ಸ್ಲಿಪ್. ಎಂಜಿನ್ ಬದಲಿಸಿದಾಗ ಪೆಡಲಿನ ಪುಶ್ ರಾಡ್ ಉದ್ದವಾಗಿ ಉಳಿದಿರುತ್ತದೆ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಬಿಸಿಗೆ ಆಯಿಲ್ ಹಿಗ್ಗಿದಾಗ ಹೋಗಲು ದಾರಿ ಇಲ್ಲದೆ ಕ್ಲಚ್ ಕಡೆಯ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ, ಕ್ಲಚ್ ತಾನಾಗಿಯೇ ಬಿಡುತ್ತದೆ. ಕಂಡುಹಿಡಿಯುವುದು ಸುಲಭ. ಸ್ಲಿಪ್ ಆಗುತ್ತಿರುವಾಗಲೇ ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸ್ಲೇವಿನ ಬ್ಲೀಡ್ ನಿಪ್ಪಲನ್ನು (ಗಾಳಿ ಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಪೆಡಲ್ ಒತ್ತದಿದ್ದರೂ ಆಯಿಲ್ ಚಿಮ್ಮಿದರೆ, ನಿಪ್ಪಲ್ ಮುಚ್ಚಿ ಓಡಿಸಿದಾಗ ಸ್ಲಿಪ್ ನಿಂತಿದ್ದರೆ, ಕಳ್ಳ ಸಿಕ್ಕ. ಪುಶ್ ರಾಡಿಗೂ ಪಿಸ್ಟನ್ನಿಗೂ ನಡುವೆ ಸುಮಾರು 1 ಮಿ.ಮೀ. ಸಂದು ಬಿಡಿ. ಒಳಗೆ ಊದಿಕೊಂಡ ಹಳೇ ರಬ್ಬರ್ ಹೋಸ್ ಇದ್ದರೂ ಇದೇ ತೊಂದರೆ ಬರುತ್ತದೆ. ಬ್ರೇಕ್ ಆಯಿಲ್ ಬಿಟ್ಟು ಬೇರೆ ಎಣ್ಣೆ ಹಾಕಿದ್ದರೆ ವಾಷರುಗಳು ಊದಿಕೊಂಡಿರುತ್ತವೆ, ಎಲ್ಲವನ್ನೂ ಬದಲಿಸಬೇಕು.

ಹೊಸ ಎಂಜಿನ್ನಿನ ಸೈಲೆನ್ಸರ್ ಪೈಪು ಯಾವ ಕಡೆ ಇಳಿದಿದೆ ನೋಡಿ. ಹಳೇ ಎಂಜಿನ್ನಿನಲ್ಲಿ ಎಡಕ್ಕಿದ್ದದ್ದು ಈಗ ಬಲಕ್ಕೆ ಬಂದಿರಬಹುದು. ಕ್ಲಚ್ ಕೇಬಲ್ಲೋ ಆಯಿಲ್ ಪೈಪೋ ಅದಕ್ಕೆ ತಾಗುವಷ್ಟು ಹತ್ತಿರ ಇದ್ದರೆ ಕೇಬಲಿನ ಒಳಪದರ ಕರಗಿ ಹಿಡಿದುಕೊಳ್ಳುತ್ತದೆ, ಪೆಡಲ್ ಪೂರ್ತಿ ವಾಪಸ್ ಬರುವುದಿಲ್ಲ.

ಎಂಜಿನ್ನನ್ನು ಚಾಸಿಗೆ ಹಿಡಿಸುವ ಮೌಂಟಿಂಗನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ಲಚ್ ರಾಡಿನ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ತುದಿ ಗೇರ್ ಬಾಕ್ಸಿನಲ್ಲಿ. ಭಾರ ಬಿದ್ದಾಗ ಎಂಜಿನ್ ಓಲಾಡಿದರೆ ಆ ರಾಡ್ ಎಳೆದಂತಾಗಿ ಕ್ಲಚ್ ಅರ್ಧ ಒತ್ತಿಕೊಳ್ಳುತ್ತದೆ. ನಿಂತಾಗ ಫ್ರೀ ಪ್ಲೇ ಸರಿಯಾಗಿಯೇ ಇರುತ್ತದೆ, ಏರಿನಲ್ಲಿ ಮಾಯ. ಒಬ್ಬರು ಬ್ರೇಕ್ ಒತ್ತಿ ಗೇರ್ ಹಾಕಿ ಕ್ಲಚ್ಚನ್ನು ಕ್ಷಣ ಮಾತ್ರ ಹಿಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ ಎಷ್ಟು ಏಳುತ್ತದೆ ನೋಡಲಿ. ಗಾಡಿಯ ಎದುರು ಮಾತ್ರ ನಿಲ್ಲಬೇಡಿ. ವೆಲ್ಡಿಂಗ್ ಮಾಡಿ ಕೂರಿಸಿದ ಬ್ರಾಕೆಟ್ಟಿನಲ್ಲಿ ಬಿರುಕು ಇದೆಯಾ ಎಂದೂ ಗಮನಿಸಿ.

ಕೊನೆಗೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ತಳ. ಅಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಬೆರಳಿಗೆ ತಾಗಿಸಿ ಮೂಸಿ. ಕಪ್ಪಗೆ ತೆಳುವಾಗಿದ್ದರೆ ಎಂಜಿನ್ ಆಯಿಲ್, ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಹಿಂದಿನ ಸೀಲ್ ಹೋಗಿದೆ. ದಪ್ಪಗೆ, ಗಂಧಕದ ಘಾಟು ವಾಸನೆ ಇದ್ದರೆ ಗೇರ್ ಆಯಿಲ್, ಗೇರ್ ಬಾಕ್ಸಿನ ಮುಂದಿನ ಸೀಲ್ ಹೋಗಿದೆ. ಬಹಳ ದಿನ ಸುಮ್ನೆ ಬಿದ್ದಿದ್ದ ಎಂಜಿನ್ ತಂದು ಕೂರಿಸಿದರೆ ಸೀಲಿನ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಎಂಜಿನ್ ಹೊರಗಿದ್ದಾಗಲೇ ಆ ಸೀಲ್ ಬದಲಿಸಬೇಕಿತ್ತು. ಅದು ಬಿಟ್ಟುಹೋಗಿದ್ದರೆ ಈಗಲಾದರೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ಬೆಲ್ ಹೌಸಿಂಗಿನ ಕೆಳಗಿನ ತಗಡಿನ ಮುಚ್ಚಳ ಇದೆಯೇ? ಎಂಜಿನ್ ಬದಲಿಸಿದ ಗಾಡಿಗಳಲ್ಲಿ ಅದು ಹೊಂದದೆ ಬಿಟ್ಟಿರುತ್ತಾರೆ. ಬಯಲುಸೀಮೆಯಲ್ಲಿ ನಡೆದೀತು. ನಮ್ಮಲ್ಲಿ ಜೂನ್ ಬಂದ ಮೇಲೆ ಹಳ್ಳ ದಾಟುವ, ಕೆಸರಲ್ಲಿ ಚಕ್ರ ಹೂಳುವ ಗಾಡಿಗೆ ನಡೆಯುವುದಿಲ್ಲ. ಕೆಮ್ಮಣ್ಣಿನ ನೀರು ಒಳಗೆ ಹೋಗಿ ಪ್ಲೇಟನ್ನು ಜಾರಿಸುತ್ತದೆ, ಒಣಗಿದ ಮೇಲೆ ಉಜ್ಜಿ ಸವೆಸುತ್ತದೆ. ತಗಡು ಕತ್ತರಿಸಿ ಮುಚ್ಚಳ ಮಾಡಿಸಿ. ತಳದಲ್ಲಿ ನೀರು, ಎಣ್ಣೆ ಇಳಿಯಲು ಇರುವ ಸಣ್ಣ ತೂತನ್ನು ಮಾತ್ರ ಮುಚ್ಚಬೇಡಿ.

ಸ್ವಲ್ಪ ಲೆಕ್ಕ

ಇದನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಲೆಕ್ಕ ಗೊತ್ತಾದರೆ ಯಾವ ಕ್ಲಚ್ ಸೆಟ್ ತರಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಕ್ಲಚ್ ಎಷ್ಟು ಟಾರ್ಕ್ (ತಿರುಗಿಸುವ ಬಲ) ತಡೆಯುತ್ತದೆ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಲೈನಿಂಗಿನ (ಪ್ಲೇಟಿನ ಮೇಲಿನ ಉಜ್ಜುವ ಪದರ) ಹಿಡಿತ, ಪ್ರೆಶರ್ ಪ್ಲೇಟ್ ಒತ್ತುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ. ಮೂರನ್ನೂ ಗುಣಿಸಿ, ಪ್ಲೇಟಿಗೆ ಎರಡು ಮುಖ ಇರುವುದರಿಂದ ಎರಡರಿಂದ ಗುಣಿಸಬೇಕು. ಉದಾಹರಣೆಗೆ ಎಂಟೂವರೆ ಇಂಚಿನ ಪ್ಲೇಟ್ ತೆಗೆದುಕೊಳ್ಳಿ. ಅದರ ಸರಾಸರಿ ತ್ರಿಜ್ಯ ಸುಮಾರು 0.09 ಮೀಟರ್. ಲೈನಿಂಗಿನ ಹಿಡಿತ 0.3, ಒತ್ತುವ ಬಲ 4,500 ನ್ಯೂಟನ್ ಎಂದು ಇಟ್ಟುಕೊಳ್ಳೋಣ. ಗುಣಿಸಿದರೆ 243 ನ್ಯೂಟನ್ ಮೀಟರ್.

ಹಳೇ ಸಿಜೆ-3ಬಿ ಜೀಪಿನ 2.2 ಲೀಟರ್ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದದ್ದು ಸುಮಾರು 155 ನ್ಯೂಟನ್ ಮೀಟರ್. 243ರ ಕ್ಲಚ್ಚಿಗೆ ಅದು ಲೆಕ್ಕಕ್ಕೇ ಇಲ್ಲ. ಈಗ ಅದೇ ಗಾಡಿಗೆ 200 ನ್ಯೂಟನ್ ಮೀಟರಿನ ಟರ್ಬೊ ಡೀಸೆಲ್ ಕೂರಿಸಿದ್ದೀರಿ. ಹೊಸತರಲ್ಲಿ ತಡೆಯುತ್ತದೆ, ಆದರೆ ಅಂಚು ಬಹಳ ಕಡಿಮೆ. ಫ್ರೀ ಪ್ಲೇ ಇಲ್ಲದೆ ಬೇರಿಂಗ್ ಒತ್ತಿಕೊಂಡು ಬಲ ಕಾಲು ಭಾಗ ಇಳಿದರೆ 182ಕ್ಕೆ ಬರುತ್ತದೆ. ಅಲ್ಲಿಗೆ ಸ್ಲಿಪ್ ಶುರು. ಎಣ್ಣೆ ತಾಗಿ ಹಿಡಿತ 0.1ಕ್ಕೆ ಇಳಿದರೆ 81. ಆಗ ಖಾಲಿ ಗಾಡಿಯೂ ಏರು ಹತ್ತದು. ಡೀಸೆಲ್ ಎಂಜಿನ್ನಿನ ಟಾರ್ಕ್ ಒಂದೇ ಸಮನಾಗಿ ಬರುವುದಿಲ್ಲ, ಏಟು ಏಟಾಗಿ ಬರುತ್ತದೆ. ಆದ್ದರಿಂದ ಇನ್ನೂ ಸ್ವಲ್ಪ ಅಂಚು ಬೇಕು. ಎಂಜಿನ್ನಿನ ಟಾರ್ಕಿನ ಒಂದೂವರೆ ಪಟ್ಟು ತಡೆಯುವ ಕ್ಲಚ್ ಇದ್ದರೆ ನಾನು ನೆಮ್ಮದಿಯಿಂದ ಗಾಡಿ ಬಿಡುತ್ತೇನೆ.

ಹಾಗಾಗಿ ನಿಯಮ ಸರಳ. ಪ್ರೆಶರ್ ಪ್ಲೇಟು ಮತ್ತು ಕ್ಲಚ್ ಪ್ಲೇಟಿನ ಸೈಜು ಹೊಸ ಎಂಜಿನ್ನಿನದು ಇರಬೇಕು. ಪ್ಲೇಟಿನ ನಡುವಿನ ಹಲ್ಲು ಮಾತ್ರ ಗೇರ್ ಬಾಕ್ಸಿನದು ಇರಬೇಕು. ಎರಡೂ ಹೊಂದುವ ಪ್ಲೇಟ್ ಸಿದ್ಧವಾಗಿ ಸಿಗದಿದ್ದರೆ, ದೊಡ್ಡ ಪ್ಲೇಟಿಗೆ ಗೇರ್ ಬಾಕ್ಸಿಗೆ ಸರಿಯಾದ ಹಬ್ (ಹಲ್ಲಿರುವ ನಡುಭಾಗ) ಕೂರಿಸಿಕೊಡುವ, ಇದೇ ಕೆಲಸ ಮಾಡುವ ಕ್ಲಚ್ ರಿಪೇರಿಯವರ ಬಳಿ ಹೋಗಿ. ಹಬ್ಬನ್ನು ಮನೆ ಹತ್ತಿರ ವೆಲ್ಡ್ ಮಾಡಿಸಬೇಡಿ. ಸಾವಿರಾರು ಸುತ್ತು ತಿರುಗುವ ವಸ್ತು ಅದು. ಒಡೆದರೆ ಬೆಲ್ ಹೌಸಿಂಗ್ ಸೀಳಿಕೊಂಡು ಕಾಲಿಗೇ ಬರುತ್ತದೆ.

ಇಳಿಸುವುದು

ಗಟ್ಟಿ ಕಾಂಕ್ರೀಟ್ ನೆಲ ಬೇಕು. ಅಡಿಕೆ ಒಣಗಿಸುವ ಮಣ್ಣಿನ ಅಂಗಳ ಒಣಗಿ ಗಟ್ಟಿಯಾದಂತೆ ಕಂಡರೂ ಜಾಕಿನ ಕೆಳಗೆ ಕುಸಿಯುತ್ತದೆ. ಜಂಬಿಟ್ಟಿಗೆ ಕಲ್ಲನ್ನು ಅಡೆಗೆ ಇಡುವುದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ. ಆ ಕಲ್ಲು ಒಮ್ಮೆಲೇ ಪುಡಿಯಾಗುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಕಬ್ಬಿಣದ ಸ್ಟ್ಯಾಂಡನ್ನೇ ಚಾಸಿಯ ಕೆಳಗೆ ಇಡಿ. ಒಬ್ಬರೇ ಮಾಡುವ ಕೆಲಸವೂ ಇದಲ್ಲ. ಜೀಪಿನ ಗೇರ್ ಬಾಕ್ಸ್ ಜೊತೆ ಟ್ರಾನ್ಸ್‌ಫರ್ ಕೇಸೂ ಬರುತ್ತದೆ, ಕೈಯಲ್ಲಿ ಹಿಡಿಯುವ ತೂಕವಲ್ಲ. ಟ್ರಾಲಿ ಜಾಕ್ ಅಥವಾ ಚೈನ್ ಬ್ಲಾಕ್ ಬೇಕೇ ಬೇಕು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಒಳಗಿನ ನೆಲದ ತಗಡು, ಗೇರ್ ಲಿವರುಗಳು, ಸ್ಪೀಡೋಮೀಟರ್ ಕೇಬಲ್, ಹ್ಯಾಂಡ್ ಬ್ರೇಕ್ ರಾಡ್, ಕ್ಲಚ್ ರಾಡ್ ಬಿಚ್ಚಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ ಎರಡೂ ಫ್ಲಾಂಜಿಗೆ ಒಂದೇ ಗೆರೆಯಲ್ಲಿ ಗುರುತು ಹಾಕಿ, ವಾಪಸ್ ಅದೇ ಗುರುತಿಗೆ ಕೂರಬೇಕು. ಆಮೇಲೆ ಎಂಜಿನ್ ಸಂಪಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಡಿ. ಹಿಂದಿನ ಕ್ರಾಸ್ ಮೆಂಬರ್ ತೆಗೆದ ಕೂಡಲೇ ಎಂಜಿನ್ ಹಿಂದಕ್ಕೆ ವಾಲುತ್ತದೆ. ಆಧಾರ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿಗೆ ತಾಗುತ್ತದೆ.

ಬೆಲ್ ಹೌಸಿಂಗಿನ ಬೋಲ್ಟು ಬಿಚ್ಚಿದ ಮೇಲೆ ಗೇರ್ ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಒಂದು ಕ್ಷಣವೂ ಅದರ ಭಾರ ಕ್ಲಚ್ಚಿನೊಳಗೆ ಚಾಚಿರುವ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಬಾರದು. ಹೊಸ ಪ್ಲೇಟ್ ಹಾಕಿದ ಮೇಲೆ ಕೂರಿಸುವಾಗಲೂ ಇದೇ ಮಾತು, ಹಬ್ ಬಾಗಿಹೋಗುತ್ತದೆ.

ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಬಿಚ್ಚಿದ ಸಾಮಾನು ಏನು ಹೇಳುತ್ತದೆ

ಹಳೇ ಪ್ಲೇಟನ್ನು ಮೂಲೆಗೆ ಎಸೆಯಬೇಡಿ, ಕಾರಣ ಅದರ ಮೇಲೆಯೇ ಇರುತ್ತದೆ. ಹೊಳೆಯುವ ಕಪ್ಪು ಮೆರುಗು, ಜಿಡ್ಡು ಇದ್ದರೆ ಎಣ್ಣೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವವರಿದ್ದಾರೆ. ಅದು ನಿಲ್ಲುವುದಿಲ್ಲ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಲೈನಿಂಗ್ ರಿವಿಟ್ಟಿನಿಂದ 0.3 ಮಿ.ಮೀ.ಗಿಂತ ಕಡಿಮೆ ಎತ್ತರ ಉಳಿದಿದ್ದರೆ ನಿಜವಾಗಿಯೂ ಸವೆದಿದೆ. ಲೈನಿಂಗ್ ದಪ್ಪ ಚೆನ್ನಾಗಿಯೇ ಇದ್ದು ಸುಟ್ಟು ಕರಕಲಾಗಿದ್ದರೆ ಒತ್ತುವ ಬಲ ಸಾಲಲಿಲ್ಲ ಎಂದರ್ಥ. ಬೇರಿಂಗ್ ಸದಾ ಒತ್ತಿಕೊಂಡಿತ್ತು, ಇಲ್ಲವೇ ಪ್ರೆಶರ್ ಪ್ಲೇಟ್ ಈ ಎಂಜಿನ್ನಿಗೆ ಚಿಕ್ಕದು. ಲೈನಿಂಗಿನ ಅಂಚಿನಲ್ಲಿ ಉಜ್ಜದೇ ಉಳಿದ ಉಂಗುರ ಕಂಡರೆ ಪ್ಲೇಟ್ ದೊಡ್ಡದು, ಪ್ರೆಶರ್ ಪ್ಲೇಟಿನ ಮುಖ ಸಣ್ಣದು.

ಪ್ಲೇಟ್ ತಿರುಗಿಸಿ ಹಾಕಿದ್ದರೇ ಎಂದೂ ನೋಡಿ. ಹಬ್ಬಿನ ಉಬ್ಬು ಫ್ಲೈವೀಲಿನ (ಎಂಜಿನ್ನಿನ ಹಿಂದಿರುವ ಭಾರದ ಚಕ್ರ) ಬೋಲ್ಟಿನ ತಲೆಗೆ ತಾಗಿ ಗೀರು ಬಿದ್ದಿದ್ದರೆ ಅದೇ. ಬೇರೆ ಎಂಜಿನ್ನಿನ ಫ್ಲೈವೀಲಿನಲ್ಲಿ ಬೋಲ್ಟಿನ ತಲೆ ಎತ್ತರ ಇರಬಹುದು, ಸರಿಯಾಗಿ ಹಾಕಿದರೂ ತಾಗಬಹುದು.

ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ, ಕೂದಲೆಳೆಯ ಬಿರುಕು ಹುಡುಕಿ. ಬಿರುಕು ಆಳವಾಗಿದ್ದರೆ ಫ್ಲೈವೀಲ್ ಬದಲಿಸಿ. ಕಲೆ ಮಾತ್ರ ಇದ್ದರೆ ಮುಖ ಕೊಯ್ಯಿಸಬಹುದು. ಕೊಯ್ಯಿಸುವಾಗ ಒಂದು ಮಾತು ಲೇತಿನವರಿಗೆ ಒತ್ತಿ ಹೇಳಿ. ಕೆಲವು ಫ್ಲೈವೀಲ್ ಚಪ್ಪಟೆ ಇರುತ್ತವೆ. ಕೆಲವಕ್ಕೆ ಮೆಟ್ಟಿಲು ಇರುತ್ತದೆ: ಪ್ಲೇಟ್ ತಾಗುವ ಮುಖ ಕೆಳಗೆ, ಪ್ರೆಶರ್ ಪ್ಲೇಟಿನ ಬೋಲ್ಟು ಕೂರುವ ಅಂಚು ಮೇಲೆ. ಕೆಳಗಿನ ಮುಖದಿಂದ ಎಷ್ಟು ಕೊಯ್ದರೋ ಮೇಲಿನ ಅಂಚಿನಿಂದಲೂ ಅಷ್ಟೇ ಕೊಯ್ಯಬೇಕು. ಬರೀ ಮುಖ ಕೊಯ್ದರೆ ಪ್ಲೇಟ್ ಆಳಕ್ಕೆ ಹೋಗಿ ಸ್ಪ್ರಿಂಗಿನ ಒತ್ತು ಕಡಿಮೆಯಾಗುತ್ತದೆ. ಹೊಸ ಪ್ಲೇಟ್, ಹೊಸ ಪ್ರೆಶರ್ ಪ್ಲೇಟ್ ಹಾಕಿಯೂ ಸ್ಲಿಪ್ ಆಗುವ ಗಾಡಿಗಳಲ್ಲಿ ನಾನು ಮೊದಲು ಅಳೆಯುವುದು ಈ ಮೆಟ್ಟಿಲನ್ನೇ.

ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬೇರಿಂಗ್ ಅಥವಾ ಬುಷ್ ಸಹ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಹೊಂದಬೇಕು. ಹೊರಗಿನ ಅಳತೆ ಎಂಜಿನ್ನಿಗೆ, ಒಳಗಿನ ಅಳತೆ ಇನ್‌ಪುಟ್ ಶಾಫ್ಟಿನ ಮೂತಿಗೆ. ಶಾಫ್ಟಿನ ಮೂತಿ ಬುಷ್ಷಿನೊಳಗೆ ಚೆನ್ನಾಗಿ ಹೋಗಬೇಕು, ಆದರೆ ಕ್ರ್ಯಾಂಕಿನ ತಳಕ್ಕೆ ಗುದ್ದಬಾರದು. ಎಂಜಿನ್ನನ್ನು ಗೇರ್ ಬಾಕ್ಸಿಗೆ ಹೊಂದಿಸಲು ನಡುವೆ ಅಡಾಪ್ಟರ್ ಪ್ಲೇಟ್ ಹಾಕಿದ ಗಾಡಿಯಲ್ಲಿ ಆ ಪ್ಲೇಟಿನ ದಪ್ಪ ಈ ಲೆಕ್ಕವನ್ನೆಲ್ಲ ಬದಲಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಅಳತೆ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗುವಾಗ ಹಳೇ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಯ್ಯಿರಿ. ಎಂಜಿನ್ ಯಾವ ಗಾಡಿಯದು, ಗೇರ್ ಬಾಕ್ಸ್ ಯಾವುದರದು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಇನ್‌ಪುಟ್ ಶಾಫ್ಟಿನ ಹಲ್ಲು ಎಣಿಸಿ, ದಪ್ಪವನ್ನು ವರ್ನಿಯರಿನಲ್ಲಿ ಅಳೆಯಿರಿ. ‘ಜೀಪಿನ ಕ್ಲಚ್ ಕೊಡಿ’ ಎಂದರೆ ಅಂಗಡಿಯವರು ಜೀಪಿನದನ್ನೇ ಕೊಡುತ್ತಾರೆ. ತಪ್ಪು ಅವರದಲ್ಲ, ಅಲ್ವಾ?

ಸಾಮಾನು ಬಂದ ಮೇಲೆ, ಗೇರ್ ಬಾಕ್ಸ್ ಎತ್ತುವ ಮುಂಚೆ ಇದನ್ನು ಮಾಡಿ. ಪ್ಲೇಟ್ ಮತ್ತು ಪ್ರೆಶರ್ ಪ್ಲೇಟನ್ನು ಫ್ಲೈವೀಲಿಗೆ ಬಿಗಿಯಿರಿ. ಬೆಲ್ ಹೌಸಿಂಗ್ ಕೂರುವ ಮುಖದಿಂದ ಪ್ರೆಶರ್ ಪ್ಲೇಟಿನ ಬೆರಳುಗಳ (ರಿಲೀಸ್ ಬೇರಿಂಗ್ ಒತ್ತುವ ಪಟ್ಟಿಗಳು) ತುದಿ ಗೇರ್ ಬಾಕ್ಸಿನ ಕಡೆಗೆ ಎಷ್ಟು ಚಾಚಿದೆ ಅಳೆಯಿರಿ. ಇದು ಮೊದಲ ಅಳತೆ. ಆಮೇಲೆ ಕೆಳಗಿರುವ ಗೇರ್ ಬಾಕ್ಸಿಗೆ ಬನ್ನಿ. ರಿಲೀಸ್ ಬೇರಿಂಗನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಬೆಲ್ ಹೌಸಿಂಗಿನ ಬಾಯಿಗೆ ನೇರ ಪಟ್ಟಿ ಅಡ್ಡ ಇಟ್ಟು, ಅಲ್ಲಿಂದ ಬೇರಿಂಗಿನ ಮುಖದವರೆಗಿನ ಆಳ ಅಳೆಯಿರಿ. ಇದು ಎರಡನೇ ಅಳತೆ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಗೇರ್ ಬಾಕ್ಸ್ ಕೂತ ಮೇಲೆ ಬೇರಿಂಗಿಗೂ ಬೆರಳಿಗೂ ನಡುವೆ ಉಳಿಯುವ ಜಾಗ ಅದು.

ರಾಡ್ ಅಥವಾ ಕೇಬಲ್ ಇರುವ ಗಾಡಿಯಲ್ಲಿ ಈ ಜಾಗದಲ್ಲಿ 2ರಿಂದ 3 ಮಿ.ಮೀ. ಸಡಿಲ ಇಟ್ಟುಕೊಳ್ಳಲು ಆಗಬೇಕು. ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಬಂದರೆ ಹೊರಗಿನ ನಟ್ಟು ಎಷ್ಟು ತಿರುಗಿಸಿದರೂ ಸ್ಲಿಪ್ ನಿಲ್ಲುವುದಿಲ್ಲ. ಗಿಡ್ಡ ಬೇರಿಂಗ್, ಅಥವಾ ಬೇರಿಂಗನ್ನು ತಳ್ಳುವ ಫೋರ್ಕ್ ಕೂರುವ ಗುಂಡಿನ ಎತ್ತರ ಬದಲಿಸುವುದು, ಇವೇ ದಾರಿ. ತುಂಬಾ ಜಾಸ್ತಿ ಬಂದರೆ ಕ್ಲಚ್ ಬಿಡುವುದಿಲ್ಲ. ಬೇರಿಂಗ್ ಸದಾ ತಾಗಿಕೊಂಡೇ ಇರುವ ಹೈಡ್ರಾಲಿಕ್ ಮಾದರಿಯಲ್ಲಿ ಸಡಿಲ ಬೇಡ, ಆದರೆ ಸ್ಲೇವ್ ಪಿಸ್ಟನ್ ಇನ್ನೂ ಹಿಂದಕ್ಕೆ ಸರಿಯಲು ಜಾಗ ಉಳಿದಿರಬೇಕು. ಯಾಕೆಂದರೆ ಪ್ಲೇಟ್ ಸವೆದಂತೆ ಬೆರಳುಗಳು ಬೇರಿಂಗಿನ ಕಡೆಗೇ ಬರುತ್ತವೆ, ಅದೂ ಸವೆದದ್ದಕ್ಕಿಂತ ಹಲವು ಪಟ್ಟು. ಇವತ್ತು ಹೊಂದಿದ್ದು ಆರು ತಿಂಗಳಿಗೆ ಒತ್ತಿಕೊಳ್ಳಬಾರದು.

ಕೂರಿಸುವುದು

ಎರಡೂ ಸೀಲ್ ಹೊಸದು ಹಾಕಿ. ಫ್ಲೈವೀಲ್ ಬೋಲ್ಟಿನ ಬಿಗಿತ ಎಂಜಿನ್ನಿನ ಪುಸ್ತಕದಂತೆ ಇರಲಿ, ಜೀಪಿನ ಪುಸ್ತಕದಂತೆ ಅಲ್ಲ. ಫ್ಲೈವೀಲ್ ಮುಖ, ಪ್ರೆಶರ್ ಪ್ಲೇಟಿನ ಮುಖ ಎರಡನ್ನೂ ಬ್ರೇಕ್ ಕ್ಲೀನರಿನಲ್ಲಿ ಒರೆಸಿ. ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಮರೆಯಬೇಡಿ. ಗ್ರೀಸ್ ಕೈಯಲ್ಲಿ ಲೈನಿಂಗ್ ಮುಟ್ಟಬೇಡಿ.

ಪ್ಲೇಟನ್ನು ನಡುವಿಗೆ ಹಿಡಿಯಲು ಹಳೇ ಇನ್‌ಪುಟ್ ಶಾಫ್ಟ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಲೇತಿನಲ್ಲೋ ಬಡಗಿಯ ಹತ್ತಿರವೋ ಎರಡು ಅಳತೆಯ ಒಂದು ಗೂಟ ಕಡೆಸಿ: ತುದಿ ಪೈಲಟ್ ಬುಷ್ಷಿಗೆ, ಬುಡ ಹಬ್ಬಿನ ತೂತಿಗೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ, ಅರ್ಧರ್ಧ ಸುತ್ತಿನಂತೆ ಬಿಗಿಯಿರಿ. ಒಂದೇ ಕಡೆ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗುತ್ತದೆ, ಹೊಸ ಪ್ಲೇಟು ಅದುರುತ್ತದೆ. ಮೂರು ಬೆರಳಿನ ಹಳೇ ಮಾದರಿಯಾದರೆ ಮೂರೂ ಒಂದೇ ಎತ್ತರದಲ್ಲಿವೆಯೇ ನೋಡಿ. ಶಾಫ್ಟಿನ ಹಲ್ಲಿಗೆ ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ.

ಗೇರ್ ಬಾಕ್ಸ್ ಕೂರಿಸುವಾಗ ಬೋಲ್ಟು ಬಿಗಿದು ಎಳೆದುಕೊಳ್ಳಬೇಡಿ. ಕೈಯಲ್ಲಿ ತಳ್ಳಿದಾಗಲೇ ಬಾಯಿ ಮುಚ್ಚಬೇಕು. ಮುಚ್ಚದಿದ್ದರೆ ಏನೋ ಅಡ್ಡ ಇದೆ. ಹಿಂದಕ್ಕೆ ತೆಗೆದು ನೋಡಿ. ಅಡಾಪ್ಟರ್ ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸುವ ಡವೆಲ್ ಪಿನ್ನುಗಳು ಎಲ್ಲವೂ ಇರಲೇಬೇಕು, ಬೋಲ್ಟು ನಡುವನ್ನು ಹಿಡಿಯುವುದಿಲ್ಲ.

ಮೊದಲ 500 ಕಿ.ಮೀ.

ಫ್ರೀ ಪ್ಲೇ ಇಟ್ಟು, ಖಾಲಿ ಗಾಡಿಯಲ್ಲಿ ಊರೊಳಗೆ ಓಡಿಸಿ. ಹೊಸ ಲೈನಿಂಗ್ ಫ್ಲೈವೀಲಿಗೆ ಪೂರ್ತಿ ಕೂರಲು 300ರಿಂದ 500 ಕಿ.ಮೀ. ಬೇಕು. ಅಷ್ಟರವರೆಗೆ ಗೊಬ್ಬರದ ಲೋಡು, ಟ್ರೈಲರ್, ಕೊಡಚಾದ್ರಿಯ ದಾರಿ ಯಾವುದೂ ಬೇಡ. ಏರಿನಲ್ಲಿ ನಿಲ್ಲಿಸುವಾಗ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲುವ ಅಭ್ಯಾಸ ಇದ್ದರೆ ಬಿಡಿ, ಬ್ರೇಕಿನಲ್ಲಿ ಹಿಡಿಯಿರಿ. ತೋಟದ ಕಡಿದಾದ ದಾರಿಯಲ್ಲಿ ರಿವರ್ಸ್ ಬರುವಾಗ ಲೋ ಗೇರ್ ಬಳಸಿ, ಕ್ಲಚ್ಚಿನ ಆಯುಷ್ಯ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. 500 ಆದ ಮೇಲೆ ಫ್ರೀ ಪ್ಲೇ ಮತ್ತೊಮ್ಮೆ ನೋಡಿ, ಖಂಡಿತ ಸ್ವಲ್ಪ ಕಡಿಮೆಯಾಗಿರುತ್ತದೆ. ಮೌಂಟಿಂಗ್ ಬೋಲ್ಟುಗಳನ್ನೂ ಅವತ್ತೇ ಬಿಗಿದುಬಿಡಿ.

ಎಂಜಿನ್ ಬದಲಿಸಿದ್ದನ್ನು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಸೇರಿಸಿದ್ದೀರಾ? ಎಂಜಿನ್ ನಂಬರ್ ಹೊಂದದಿದ್ದರೆ ಅಪಘಾತವಾದಾಗ ವಿಮೆಯವರ ಜೊತೆ ತಕರಾರು ಬರುತ್ತದೆ. ಕ್ಲಚ್ ಕೆಲಸಕ್ಕೆ ಗಾಡಿ ನಿಂತಿರುವಾಗಲೇ ಎಂಜಿನ್ ನಂಬರಿನ ಮೇಲಿನ ಕೊಳೆ ಒರೆಸಿ ಫೋಟೋ ತೆಗೆದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಪ್ಲೇಟು ತುಕ್ಕಿಗೆ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಆಗ ಗೇರ್ ಬೀಳುವುದಿಲ್ಲ, ಬಿಡಿಸಲು ಹೋದವರು ಲೈನಿಂಗನ್ನೇ ಕಿತ್ತುಬಿಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ ನಾಲ್ಕಾರು ಸಲ ಕ್ಲಚ್ ಒತ್ತಿ ಬಿಡಿ, ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ.